ದೊಡ್ಡತಾಯಮ್ಮನಿಗೆ ಹೇಳಿದ್ದ ರಗ್ಗು

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನಂತೆ ಎಂದು ಅಜ್ಜಿಯರ ಕಥೆ ಶುರುವಾಗುತ್ತದೆ. ನಮ್ಮ ಕಥೆಯ ಊರು ಕೆ.ಆರ್. ನಗರದ ಕಡೆಯ ಮಿರ್ಲೆಯ ಪಕ್ಕದ್ದು. ರಾಜನ ಬದಲು ಅಲ್ಲಿ ತಿಮ್ಮಯ್ಯ ಇದ್ದರು. ರೈತರೇ ಸೇರಿ ಕಟ್ಟಿದ ರಾಗಿ ಕಂಪನಿಗೆ ಅವರು ಸಂಬಳ ಪಡೆಯುವ ನಿರ್ದೇಶಕರು. ಅರಮನೆಯ ಬದಲು ತಗಡಿನ ಶೆಡ್ಡು. ಅಲ್ಲಿ ದೊಡ್ಡತಾಯಮ್ಮ ಮುಂಜಾನೆಯ ಮಂಜಿನಲ್ಲೇ ಬಂದು ರಾಗಿ ಕೇರುತ್ತಿದ್ದರು.

"ದೀಪಾವಳಿಗೆ ನಿಂಗೊಂದು ಬೆಚ್ಚನೆ ರಗ್ಗು ಕೊಡಿಸ್ತೀನಿ ಕಣಕ್ಕ" ಎಂದು ತಿಮ್ಮಯ್ಯ ಎರಡು ವರ್ಷದಿಂದ ಹೇಳುತ್ತಲೇ ಇದ್ದರು. 2024ರ ದೀಪಾವಳಿಯೂ ಹತ್ತಿರ ಬಂತು.

"ತಿಮ್ಮಣ್ಣ, ನಿನ್ನ ರಗ್ಗು ಇನ್ನೂ ಕುರಿ ಮೈಮೇಲೇ ಅದಾ?" ಎಂದು ದೊಡ್ಡತಾಯಮ್ಮ ನಕ್ಕರು. ಅವರ ಬೆರಳುಗಳು ಚಳಿಗೆ ಮರಗಟ್ಟಿದ್ದವು.

ತಿಮ್ಮಯ್ಯನವರಿಗೆ ನಾಚಿಕೆಯಾಯಿತು. ಲೆಕ್ಕ ನೋಡುವ ವಾಣಿಶ್ರೀಯ ಮೇಜಿನ ಮುಂದೆ ಬಂದು ಕುಳಿತರು.

"ಕೂಸೇ, ರಗ್ಗು ಕೊಟ್ರೆ ಟ್ಯಾಕ್ಸ್ ಬೀಳ್ತದಂತೆ. ಕಂಪನಿಯ ಏಳು ಜನಕ್ಕೂ ಮುಯ್ಯಿ ಕವರ್‌ನಾಗೆ ಎರಡು ಸಾವಿರದ ಒಂದು ರೂಪಾಯಿ ಆಕ್ಬುಡು. ಮುಯ್ಯಿಗೆ ಯಾವ ಟ್ಯಾಕ್ಸು?"

"ಉಲ್ಟಾ ತಿಳ್ಕೊಂಡಿದೀರ ದೊಡ್ಡಪ್ಪ. ಮದುವೆ ಮುಯ್ಯಿ ಬೇರೆ, ಕಂಪನಿ ಕೊಡೋದು ಬೇರೆ. ಕಂಪನಿ ಕೊಟ್ಟ ದುಡ್ಡು ಪೂರ್ತಿ ಸಂಬಳಕ್ಕೆ ಸೇರ್ತದೆ, ಅದಕ್ಕೆ ಟ್ಯಾಕ್ಸ್ ಲೆಕ್ಕ ಹಾಕ್ತಾರೆ. ವಸ್ತು ಕೊಟ್ರೆ, ಒಬ್ಬರಿಗೆ ವರ್ಷಕ್ಕೆಲ್ಲ ಸೇರಿ ಐದು ಸಾವಿರದೊಳಗಿದ್ರೆ ಟ್ಯಾಕ್ಸ್ ಇಲ್ಲ."

"ವರ್ಷಕ್ಕೆಲ್ಲ ಸೇರೀನಾ? ಯುಗಾದಿಗೆ ಕುಕ್ಕರ್ ಕೊಟ್ಟಿದ್ದೀವಲ್ಲ!"

"ಅದು ಸಾವಿರದ ಎಂಟುನೂರು. ರಗ್ಗು ಸಾವಿರದೈನೂರು. ಇನ್ನೂ ಜಾಗ ಅದೆ."

"ನಾನು ನಿರ್ದೇಶಕ ಅಲ್ವಾ, ನಂಗೆ?"

"ನೀವೂ ಸಂಬಳ ತಗೊಳ್ತೀರಲ್ಲ, ನಿಮಗೂ ಇದೇ ಲೆಕ್ಕ. ನಿರ್ದೇಶಕ ಅಂತ ನೀವೊಬ್ರೇ ಟಿ.ವಿ. ಹೊತ್ಕೊಂಡು ಹೋದ್ರೆ ಮಾತ್ರ ಐದು ಸಾವಿರ ದಾಟ್ತದೆ!"

"ನಿನ್ ನಾಲಿಗೆಗಿಷ್ಟು!" ಎಂದು ತಿಮ್ಮಯ್ಯ ಗದರಿದರೂ ನಗು ತಡೆಯಲಾಗಲಿಲ್ಲ. ಆದರೂ ಅನುಮಾನ ಹೋಗದೆ, ಕೆ.ಆರ್. ನಗರದ ಆಡಿಟರ್ ರುದ್ರಸ್ವಾಮಿಯವರಿಗೆ ಫೋನ್ ಮಾಡಿದರು.

"ಆ ಹುಡುಗಿ ಹೇಳಿದ್ದೇ ಸರಿ ಕಣ್ರೀ. ಬಿಲ್ಲು ಮಾತ್ರ ಜೋಪಾನ" ಎಂದರು ಅವರು.

ಮಾರನೆಯ ದಿನವೇ ತಿಮ್ಮಯ್ಯ ಬೈಲಕುಪ್ಪೆಗೆ ಹೋಗಿ, ಟಿಬೆಟನ್ನರ ಅಂಗಡಿಯಲ್ಲಿ ಏಳು ರಗ್ಗು ಆರಿಸಿ, ಕಂಪನಿಯ ಹೆಸರಿಗೆ ಬಿಲ್ಲು ಬರೆಸಿಕೊಂಡು ಬಂದರು.

ನಿಮ್ಮ ಕಂಪನಿಯಲ್ಲೂ ಯಾರಿಗಾದರೂ ಹೀಗೆ ಮಾತು ಕೊಟ್ಟಿದ್ದೀರಾ? ಹಾಗಾದರೆ ಕವರು ಬದಿಗಿಟ್ಟು ವಸ್ತು ಕೊಡಿ. ಮಿತಿ ಆಗಾಗ ಬದಲಾಗುತ್ತದೆ, ಈ ವರ್ಷ ಎಷ್ಟಿದೆಯೆಂದು ಆಡಿಟರನ್ನು ಕೇಳಿ. ಬಿಲ್ಲು ಇಟ್ಟುಕೊಳ್ಳಿ. ಚಳಿ ಮುಗಿಯುವ ತನಕ ಕಾಯಬೇಡಿ.

ಬೈಲಕುಪ್ಪೆಯಿಂದ ಬಂದ ಮರುದಿನ ಮಂಜಿನಲ್ಲಿ ತಿಮ್ಮಯ್ಯ ಕೆಂಪು ರಗ್ಗು ಬಿಡಿಸಿ ದೊಡ್ಡತಾಯಮ್ಮನ ಹೆಗಲಿಗೆ ಹೊದಿಸಿದರು. ಆಕೆ ಅದರ ಅಂಚನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು.

"ಅಂತೂ ಕುರಿ ಮೈಮೇಲಿಂದ ಇಳೀತು ಬುಡು!"