ನಮ್ಮೆಜಮಾನರು ಕೂರಿಸಿದ ಸಾಲು

ನಮ್ಮೆಜಮಾನರಿಗೆ ವಿಮಾನ ರಿಪೇರಿ ಶೆಡ್ಡಿನಲ್ಲಿ ಕೆಲಸ. ಕೆಲಸ ಅಂದರೆ ಸೀಟು ಬಿಚ್ಚೋದು, ಸೀಟು ಕೂರಿಸೋದು. ಹೋದ ವರ್ಷ ಕಂಪನಿಯವರು, ಇರೋ ಸೀಟುಗಳನ್ನೆಲ್ಲ ಒತ್ತರಿಸಿ ಹಿಂದುಗಡೆ ಇನ್ನೊಂದು ಸಾಲು ಸೇರಿಸಿ ಅಂದರು. ಇವರು ಸೇರಿಸಿದರು. ಮನೆಗೆ ಬಂದು ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಅತ್ತೆಯಂತೂ, ಮಗ ವಿಮಾನಾನೇ ಕಟ್ಟಿದ ಅನ್ನೋ ಹಾಗೆ ಬೀದಿಗೆಲ್ಲ ಸಾರಿದರು. ಹೆತ್ತವರಿಗೆ ಹೆಗ್ಗಣ ಮುದ್ದು.

ಈಗ ದೂರದೂರಲ್ಲಿರೋ ನಾದಿನಿಗೆ ಹೆರಿಗೆಯಾಗಿದೆ. ಇತ್ತ ಅತ್ತೆಗೆ ಮಂಡಿ ಆಪರೇಷನ್ ಆಗಿ, ಹೊಲಿಗೆ ಬಿಚ್ಚಿ ಇನ್ನೂ ಸರಿಯಾಗಿ ಮಾಗಿಲ್ಲ. "ಕಾಲು ನೀಡಿಕೊಂಡೇ ಕೂರಬೇಕು, ಏಟು ತಗುಲಿದರೆ ಮತ್ತೆ ಕೊಯ್ಯಬೇಕಾಗುತ್ತೆ" ಅಂದಿದ್ದಾರೆ ಡಾಕ್ಟರು. ಆದರೂ ಮೊಮ್ಮಗು ನೋಡಲೇಬೇಕು ಅಂತ ಅತ್ತೆಯ ಹಟ. ಹಾಗಿದ್ರೆ ವಿಮಾನದಲ್ಲಿ ತೀರಾ ಮುಂದಿನ ಸಾಲು ತಗೊಳ್ರೀ, ಅಲ್ಲಿ ಕಾಲಿಗೆ ಜಾಗ ಇರುತ್ತೆ ಅಂತ ಬಡ್ಕೊಂಡೆ. ನನ್ನ ಮಾತು ಯಾವತ್ತು ಕೇಳಿದ್ದಾರೆ?

"ಅಮ್ಮನ್ನ ನಾನೇ ಕೂರಿಸಿದ ಸಾಲಲ್ಲಿ ಕರ್ಕೊಂಡು ಹೋಗ್ತೀನಿ ಕಣೇ!"

ಹೋದೆವು. ಕಟ್ಟಕಡೆಯ ಸಾಲು. ಬೆನ್ನಿಗೆ ಗೋಡೆ, ಪಕ್ಕದಲ್ಲೇ ಪಾಯಿಖಾನೆ. ನಮ್ಮ ಸೀಟು ಹಿಂದಕ್ಕೆ ಒಂದು ಬೆರಳಷ್ಟೂ ಒರಗಲ್ಲ, ಮುಂದಿನವರದ್ದು ಮಾತ್ರ ಭೇಷಾಗಿ ಒರಗುತ್ತೆ. ಕಿಟಕಿಗೆ ನಾನು, ನಡುವೆ ಇವರು, ಓಡಾಡೋ ದಾರಿಯ ಕಡೆ ಅತ್ತೆ. ಅತ್ತೆ ಕಾಲನ್ನು ದಾರಿಗೆ ಚಾಚಿಕೊಂಡರು.

"ಹೇಗಿದೆಯಮ್ಮ?" ಅಂದರು ಇವರು, ಹಲ್ಲು ಕಿರಿದುಕೊಂಡು.

"ಗಟ್ಟಿಯಾಗಿದೆ ಕಣೋ," ಅಂದರು ಅತ್ತೆ ಪಾಪ.

ವಿಮಾನ ಮೇಲೇರಿತೋ ಇಲ್ಲವೋ ಊಟದ ಗಾಡಿ ತಳ್ಳಿಕೊಂಡು ಗಗನಸಖಿ ಬಂದಳು. "ಅಮ್ಮಾ, ಕಾಲು ಸ್ವಲ್ಪ ಒಳಗೆ." ಅತ್ತೆ ಉಸ್ಸಪ್ಪಾ ಅಂತ ಕಾಲು ಒಳಗೆ ಎಳಕೊಂಡರು. ಗಾಡಿ ಹೋಯಿತು, ಕಾಲು ಹೊರಗೆ. ಗಾಡಿ ವಾಪಸ್ ಬಂತು, ಕಾಲು ಒಳಗೆ. ಅದೇ ಹೊತ್ತಿಗೆ ಸರಿಯಾಗಿ ಮುಂದಿನ ಸೀಟಿನ ಉದ್ದನೆಯ ಮನುಷ್ಯ ಗುಂಡಿ ಒತ್ತಿ ದಢಾರನೆ ಹಿಂದಕ್ಕೆ ಒರಗಿದ, ಸೀಟು ಅತ್ತೆಯ ಮಂಡಿಗೇ ಬಡಿಯಿತು. ಅತ್ತೆ ಕಿರುಚಿದ್ದಕ್ಕೆ ಇಡೀ ವಿಮಾನ ತಿರುಗಿ ನೋಡಿತು.

ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ, ಕಣ್ಣು ಕಾಣಲ್ವಾ? ಆಪರೇಷನ್ ಆಗಿರೋ ಕಾಲು! ಎತ್ರೀ ಸೀಟು!"

"ನನ್ನ ಮುಂದಿನವನಿಗೂ ಹೇಳಿ!" ಅಂತ ಅವನೂ ಕೂಗಿದ. "ಅವನು ನನ್ನ ಎದೆ ಮೇಲೆ ಮಲಗಿದಾನೆ, ನಾನೆಲ್ಲಿಗೆ ಹೋಗ್ಲಿ? ಯಾವ ಪುಣ್ಯಾತ್ಮ ರೀ ಈ ಸೀಟು ಜೋಡಿಸಿದ್ದು? ಕೈಗೆ ಸಿಗ್ಲಿ, ಬುದ್ಧಿ ಕಲಿಸ್ತೀನಿ!"

"ನನ್ನ ಮಗನೇ!" ಅಂದುಬಿಟ್ಟರು ಅತ್ತೆ. ಆ ನೋವಿನಲ್ಲೂ, ಅಭ್ಯಾಸಬಲ.

ಇವರು ಬೆಲ್ಟಿನೊಳಗೇ ಕುಗ್ಗಿಹೋದರು. ಅವನು ಎದ್ದು ನಿಂತು ಇವರನ್ನೇ ದುರುಗುಟ್ಟಿಕೊಂಡು ನೋಡಿದ. ಆಚೆ ಈಚೆ ಸಾಲಿನವರೆಲ್ಲ ಶುರು ಹಚ್ಚಿಕೊಂಡರು, ಒಬ್ಬರಿಗೆ ಸೊಂಟ, ಒಬ್ಬರಿಗೆ ಮೊಣಕಾಲು, ಒಬ್ಬಾಕೆಗೆ ಕೂಸು. ಮಾಡಿದ್ದುಣ್ಣೋ ಮಹರಾಯ ಅಂತ ನನಗೂ ಅನ್ನಿಸಿತು. ಇವರನ್ನು ದಾಟಿ ಅತ್ತೆಯ ಕಡೆ ಬಗ್ಗಿದೆ. ಸೀರೆ ಸರಿಸಿ ನೋಡಿದರೆ ಗಾಯ ಬಿಟ್ಟಿರಲಿಲ್ಲ, ಸದ್ಯ. ಆದರೆ ಮಂಡಿ ಕಣ್ಣೆದುರಿಗೇ ಬಾತುಕೊಳ್ಳುತ್ತಿತ್ತು.

ಅತ್ತೆ ಮಗನ ಕಡೆ ತಿರುಗಿದರು. "ಸೀಟು ಕೂರಿಸಿದ ಮೇಲೆ ಸರಿಯಾಗಿದೆಯಾ ಅಂತ ಹೇಗೋ ನೋಡ್ತೀರಿ?"

"ಎರಡು ಸೀಟಿನ ನಡುವೆ ಒಂದು ಮರದ ಪಟ್ಟಿ ತೂರಿಸ್ತೀವಮ್ಮ. ಪಟ್ಟಿ ತೂರಿದ್ರೆ ಸರಿ ಅಂತ."

"ಯಾರೂ ಕೂತು ನೋಡಲ್ವಾ?"

"ಇಲ್ಲಮ್ಮ."

"ನೀನೂ?"

ಇವರು ಬೆಲ್ಟು ಬಿಚ್ಚಿಕೊಂಡರು. ಮುಂದಿನವನು ಕೂತು ಗುಂಡಿ ಒತ್ತಿದ. ಅವನ ಸೀಟು ನೆಟ್ಟಗಾಯಿತು, ಆದರೆ ಅತ್ತೆಯ ಕಾಲು ಇನ್ನು ಮಡಚುವ ಸ್ಥಿತಿಯಲ್ಲಿರಲಿಲ್ಲ.

ಇವರು ಎದ್ದು ಹೇಗೋ ನುಸುಳಿ ದಾರಿಗೆ ಬಂದರು. ಕೈ ಇಡೋ ಪಟ್ಟಿಗಳನ್ನು ಮೇಲೆತ್ತಿ, ಅಮ್ಮನನ್ನು ಓರೆಯಾಗಿ ತಿರುಗಿಸಿ, ಆ ಕಾಲನ್ನು ತಮ್ಮ ಸೀಟಿನ ಮೇಲೆ ಉದ್ದಕ್ಕೆ ಇಟ್ಟರು. ಪಾದ ನನ್ನ ತೊಡೆಯ ಮೇಲೆ ಬಂತು, ಸುಡುತ್ತಿತ್ತು. ಆಮೇಲೆ ಇವರು ಪಾಯಿಖಾನೆಯ ಬಾಗಿಲಿಗೆ ಒತ್ತಿಕೊಂಡು ನಿಂತರು. ಬಂದವರಿಗೆಲ್ಲ ಸರಿದು ದಾರಿ ಬಿಡೋದು, ಮತ್ತೆ ನಿಲ್ಲೋದು. ಬೈಯೋದು ಬಿಟ್ಟು ನಾನು ಅತ್ತೆಯ ಪಾದ ಅಲುಗದ ಹಾಗೆ ಹಿಡಿದುಕೊಂಡೆ.

ಗಗನಸಖಿ ಓಡಿಬಂದಳು. "ಸಾರ್, ಹೀಗೆಲ್ಲ ನಿಲ್ಲೋ ಹಾಗಿಲ್ಲ. ದಯವಿಟ್ಟು ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ."

ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಎಲ್ಲಿ ಕೂತ್ಕೋತಾನಮ್ಮ? ಅವತ್ತು ಜಾಗ ಬಿಡ್ಬೇಕಾಗಿದ್ದೋನೇ ಅವನು."