ಮಹಡಿಯಲ್ಲಿ ಹಿಮ ಬೀಳುವ ಹೊತ್ತು

ಮತ್ತೆ ನಗು, ಮೇಲಿನ ಮನೆಯಿಂದ, ಅತ್ತೆಯದೇ, ಕೆಮ್ಮಿನಲ್ಲಿ ಮುಗಿಯುವ ಆ ನಗು — ಆಶಾರಾಣಿಯ ಬೆರಳ ನಡುವಿನಿಂದ ನೆನೆದ ಅವರೆಕಾಳೊಂದು ಸಿಪ್ಪೆ ಬಿಟ್ಟು ಪುಳಕ್ಕನೆ ಹಾರಿ ಟಿವಿ ಸ್ಟ್ಯಾಂಡಿನ ಕೆಳಗೆ ಹೋಯಿತು, ಹೋಗಲಿ, ಯಾರು ಬಗ್ಗುತ್ತಾರೆ, ಸೊಂಟ ಇವಳಿಗೂ ಒಂದಿದೆ, ನಲವತ್ತೊಂದು ವರ್ಷದ್ದು, ಅದನ್ನು ಕೇಳುವವರಿಲ್ಲ. ಟಿವಿಯಲ್ಲಿ ಆರೂವರೆಯ ಧಾರಾವಾಹಿ, ಸೊಸೆಯ ಕೈಯಿಂದ ಹಾಲಿನ ಲೋಟ ಬಿದ್ದಿದೆ, ಶನಿವಾರ ಬಿದ್ದದ್ದು, ಇವತ್ತು ಸೋಮವಾರ, ಲೋಟ ಇನ್ನೂ ಉರುಳುತ್ತಲೇ ಇದೆ, ಮನೆಯಲ್ಲಿರುವ ಒಬ್ಬೊಬ್ಬರ ಮುಖಕ್ಕೂ ಮೂರು ಮೂರು ಸಲ ಗುಡುಗು — ಯಾರ ಮನೆಯಲ್ಲಿ ಹಾಲು ಚೆಲ್ಲಿದರೆ ಹೀಗೆ ನಿಂತು ನೋಡುತ್ತಾರೆ, ಒಂದು ಬಟ್ಟೆ ತಂದು ಒರೆಸುವವರು ಬೇಡವೇ, ಅತ್ತೆ ಪಕ್ಕದಲ್ಲಿದ್ದಿದ್ದರೆ ಇಷ್ಟೊತ್ತಿಗೆ ಕೂಗಿರುತ್ತಿದ್ದರು, ಒರ್ಸೇ ಮೂದೇವಿ, ಇರುವೆ ಬರ್ತವೆ, ಅಂತ, ಇಬ್ಬರೂ ನಕ್ಕಿರುತ್ತಿದ್ದರು, ಬೇಳೆ ಅರ್ಧ ಮುಗಿದಿರುತ್ತಿತ್ತು. ಹಿತಕಿದ ಬೇಳೆ ಒಬ್ಬರು ಮಾಡುವ ಕೆಲಸವಲ್ಲ. ಒಬ್ಬಳೇ ಕೂತು ಹಿತಕಿದರೆ ಪಾತ್ರೆ ತುಂಬುವುದೇ ಇಲ್ಲ, ಒಬ್ಬಳೇ ಕೂತು ನೋಡಿದರೆ ಧಾರಾವಾಹಿಯೂ ಧಾರಾವಾಹಿಯಲ್ಲ, ಬರೀ ಗುಡುಗು, ಈ ನಾಯಕಿ ನಿದ್ದೆಯಲ್ಲೂ ಮಲ್ಲಿಗೆ ಮುಡಿದು ಮಲಗುತ್ತಾಳೆ, ಅವಳ ಅಡುಗೆಮನೆಯ ಗೋಡೆಗೆ ಒಂದು ಹನಿ ಎಣ್ಣೆ ಸಿಡಿದಿಲ್ಲ, ಎರಡು ವರ್ಷದಿಂದ ಬಸುರಿ, ಆ ವಿಲನ್ ಓರಗಿತ್ತಿ ಕಂಬದ ಹಿಂದೆ ನಿಂತು ಗಟ್ಟಿಯಾಗಿ ತನ್ನ ಸಂಚನ್ನೆಲ್ಲ ಹೇಳಿಕೊಳ್ಳುತ್ತಾಳೆ, ಎರಡು ಮಾರು ದೂರದಲ್ಲಿ ನಿಂತವರಿಗೆ ಕೇಳುವುದಿಲ್ಲ, ಇಲ್ಲಿ ನೋಡಿದರೆ ಮೇಲಿನ ಮನೆಯಲ್ಲಿ ಚಮಚ ಬಿದ್ದರೂ ಕೆಳಗೆ ಕೇಳುತ್ತದೆ, ಒಂದೊಂದು ನಗುವೂ ಕೇಳುತ್ತದೆ.

ಮೇಲಿನ ಮನೆ ಮೈದುನ ಪುನೀತನದು, ಅವನ ಮದುವೆಗೆಂದೇ ಕಟ್ಟಿಸಿದ್ದು, ವೈಶಾಖದಲ್ಲಿ ವನಿತಾ ಬಂದಳು, ಅವಳ ಹಿಂದೆಯೇ ಗೋಡೆಯಗಲದ ಟಿವಿ ಬಂತು. ಸಹಕಾರನಗರದ ಬ್ಯೂಟಿ ಪಾರ್ಲರ್‌ನಲ್ಲಿ ಕೆಲಸ, ಸೋಮವಾರ ರಜೆ, ಬಂದ ದಿನದಿಂದಲೇ ಅತ್ತೆಯನ್ನು ಅಮ್ಮ ಅಂದಳು, ಬಾಯಿ ತುಂಬ, ಅಮ್ಮಾ ಕಾಫಿ, ಅಮ್ಮಾ ಬನ್ನಿ — ಇಪ್ಪತ್ತೆರಡು ವರ್ಷದಲ್ಲಿ ಆಶಾರಾಣಿಗೆ ಒಂದು ಸಲವೂ ಆ ಮಾತು ಬಾಯಿಗೆ ಬಂದಿಲ್ಲ, ಹತ್ತಿರ ಬಂದು ಗಂಟಲಲ್ಲೇ ನಿಂತದ್ದುಂಟು, ಅತ್ತೆ ಎಂದೇ ಕರೆದಳು, ಅದರಲ್ಲೇ ಎಲ್ಲ ಇದೆ ಅಂದುಕೊಂಡಳು, ವನಿತಾ ಬಂದ ದಿನವೇ ಸಲೀಸಾಗಿ ಎತ್ತಿಕೊಂಡು ಹೋದಳು, ಅಂಗಡಿಯಿಂದ ಬಿಸ್ಕತ್ತಿನ ಪೊಟ್ಟಣ ಎತ್ತಿಕೊಂಡ ಹಾಗೆ. ಮಂಡಿ ನೋವು ಕಣೆ ಆಸ, ಒಣಗಾಕಿರೋ ಬಟ್ಟೆ ನೀನೇ ತಗೊಂಬಾ, ನಂಗೆ ಮಹಡಿ ಅತ್ತಕ್ಕಾಗಲ್ಲ, ಅನ್ನುತ್ತಿದ್ದ ಅತ್ತೆ ಮುನಿಕೆಂಪಮ್ಮ ಈಗ ಹದಿನೆಂಟು ಮೆಟ್ಟಿಲನ್ನು ದಿನಾ ಹತ್ತುತ್ತಾರೆ, ಕಂಬಿ ಹಿಡಿದು, ಮಧ್ಯೆ ಒಂದು ಸಲ ನಿಂತು, ಮತ್ತೆ ಹತ್ತುತ್ತಾರೆ, ಯಾತಕ್ಕೆ, ಹಿಮ ನೋಡುವುದಕ್ಕೆ! ಡಿಸೆಂಬರ್ ಬಂತಲ್ಲ, ಆ ಕ್ರಿಸ್‌ಮಸ್ ಪಿಕ್ಚರ್‌ಗಳು, ಇಂಗ್ಲಿಷಿನವು, ಕನ್ನಡಕ್ಕೆ ಡಬ್ ಮಾಡಿರುವಂಥವು, ಬಾಯಿ ಒಂದು ಆಡುತ್ತದೆ ಮಾತು ಇನ್ನೊಂದು ಬರುತ್ತದೆ, ಹುಡುಗಿ ಯಾರಾದರೂ ಆಗಲಿ ದನಿ ಒಂದೇ, ಸೋಪಿನ ಪುಡಿ ಜಾಹೀರಾತಿನವಳದು. ಕಥೆಯೂ ಒಂದೇ — ದೊಡ್ಡ ಊರಲ್ಲಿ ಹುಡುಗಿಗೆ ಕೆಲಸ ಹೋಗುತ್ತದೆ, ಸಣ್ಣ ಊರಿಗೆ ಬರುತ್ತಾಳೆ, ಅಲ್ಲೊಬ್ಬ ಬೇಕರಿಯವನು, ಹೆಂಡತಿ ಸತ್ತವನು, ಅವನಿಗೆ ಹಲ್ಲು ಬಿದ್ದ ಒಂದು ಮಗು, ಮೊದಲು ಜಗಳ, ಆಮೇಲೆ ಹಿಟ್ಟು ಕಲಸುವುದು, ಮೂಗಿಗೆ ಹಿಟ್ಟು ಮೆತ್ತಿಕೊಳ್ಳುವುದು, ಕೊನೆಗೆ ಇಬ್ಬರೂ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಮೇಲಿನಿಂದ ಹಿಮ. ಅಲ್ಲಿ ಯಾರಿಗೂ ಅತ್ತೆ ಇಲ್ಲ, ಓರಗಿತ್ತಿ ಇಲ್ಲ, ತಿಂದ ತಟ್ಟೆ ತೊಳೆಯುವವರನ್ನು ಒಂದು ಪಿಕ್ಚರ್‌ನಲ್ಲೂ ತೋರಿಸಿಲ್ಲ. ಇಂಥದ್ದಕ್ಕೆ ಅತ್ತೆ ಬಾಯಿ ಬಿಟ್ಟುಕೊಂಡು ಕೂರುತ್ತಾರಂತೆ, ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತ ಇವಳಿಗೇ ಹೇಳುತ್ತಾರೆ, ಇವಳಿಗೇ, ಕೆಂಪು ಕೋಟ್ ಆಕ್ಕೊಂಡು ಬಸ್ ಇಳೀತಾಳೆ ಕಣೆ ಆ ಉಡುಗಿ, ಮೇಲಿಂದ ಅಕ್ಕಿ ಇಟ್ಟು ಜರಡಿ ಇಡಿದಂಗೆ ಬೀಳ್ತದೆ, ಏನ್ ಚೆಂದ ಅಂತೀಯ. ಗಂಡ ಮುನೇಶ್ ಸಾರು ಬಡಿಸಿಕೊಳ್ಳುತ್ತ ನಗುತ್ತಾನೆ, ನಮ್ಮಮ್ಮಂಗೆ ಈ ವಯಸ್ಸಲ್ಲಿ ಲವ್ ಸ್ಟೋರಿ ನೋಡು. ಇವಳು, ಹೂಂ ಉಪ್ಪು ಸರಿಯಾಗಿದೆಯಾ ನೋಡಿ, ಅನ್ನುತ್ತಾಳೆ.

ನೋಡಿದ್ದಾಳೆ ಒಂದನ್ನು, ಅದು ಯಾರಿಗೂ ಗೊತ್ತಿಲ್ಲ, ಹೋದ ಗುರುವಾರ ಮಧ್ಯಾಹ್ನ, ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಅದರಲ್ಲಿ ಏನಿದೆ ಎಂದು ನೋಡಿಯೇಬಿಡೋಣ ಅಂತ, ಬೈಯಲಿಕ್ಕಾದರೂ ಗೊತ್ತಿರಬೇಕಲ್ಲ, ಜಕ್ಕೂರಿನ ವಿಮಾನ ಕಲಿಸುವ ಶಾಲೆಯ ಆ ಪುಟ್ಟ ವಿಮಾನ ಮನೆಯ ಮೇಲೆ ಗುಂಯ್ ಎನ್ನುತ್ತ ನಾಲ್ಕು ಸಲ ಸುತ್ತಿತು, ಅವಳಿಗೆ ಕೇಳಿಸಲಿಲ್ಲ. ಬೇಕರಿಯವನು ದಿನಾ ಬೆಳಗ್ಗೆ ಎರಡು ಲೋಟ ಕಾಫಿ ಇಡುತ್ತಿದ್ದ, ಹುಡುಗಿ ಊರು ಬಿಟ್ಟು ಹೋದ ಮೇಲೂ ಇಡುತ್ತಿದ್ದ, ಒಂದು ತಾನು ಕುಡಿದು ಇನ್ನೊಂದನ್ನು ಆರಲು ಬಿಡುತ್ತಿದ್ದ, ಅಷ್ಟೇ, ಗುಡುಗಿಲ್ಲ ಮಿಂಚಿಲ್ಲ, ಹಬೆ ಕಮ್ಮಿಯಾಗುವುದನ್ನು ತೋರಿಸಿದರು — ಅವಳಿಗೆ ಅಳು ತಡೆಯಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು, ಚೆನ್ನಾಗಿದೆ ಎಂದು ಗೊತ್ತಾಯಿತು, ಅದೇ ತೊಂದರೆ, ಕೆಟ್ಟದಾಗಿದ್ದಿದ್ದರೆ ಅತ್ತೆಗೆ ಬುದ್ಧಿಯಿಲ್ಲ ಅಂದುಕೊಂಡು ಸುಮ್ಮನಿರಬಹುದಿತ್ತು.

ಮತ್ತೆ ನಗು, ಈ ಸಲ ಇಬ್ಬರದೂ, ಜೊತೆಗೆ, ಅತ್ತೆಯದು ಯಾವುದು ವನಿತಾಳದು ಯಾವುದು ಬಿಡಿಸಲಾಗದ ಹಾಗೆ — ಸಾಕು. ಆಶಾರಾಣಿ ಎದ್ದಳು, ಮಡಿಲ ಸಿಪ್ಪೆಯೆಲ್ಲ ಚಾಪೆಯ ಮೇಲೆ ಸುರಿಯಿತು, ಯಾಕೆ ಎದ್ದೆ ಎಂದು ಕಾಲಿಗೆ ಗೊತ್ತಿತ್ತು, ಅವಳಿಗೆ ಆಮೇಲೆ ಗೊತ್ತಾಯಿತು, ಮೊದಲು ಟಿವಿ ಆರಿಸಿದಳು, ಆಮೇಲೆ ದೀಪ, ಮೆಟ್ಟಿಲಿನ ಕೆಳಗೆ ಮೀಟರ್ ಬೋರ್ಡು, ಎಡಗಡೆಯ ಸ್ವಿಚ್ಚು ಮೇಲಿನ ಮನೆಯದು, ಕೆಳಕ್ಕೆ ಎಳೆದಳು, ಟಪ್. ಮೇಲಿನ ಹಾಡು ಅರ್ಧದಲ್ಲಿ ನಿಂತಿತು. ಅಯ್ಯೋ, ಕ್ಲೈಮ್ಯಾಕ್ಸಲ್ಲೇ ಹೋಯ್ತಲ್ಲಮ್ಮಾ, ವನಿತಾಳ ದನಿ, ಆಮೇಲೆ ಬಾಲ್ಕನಿಗೆ ಬಂದು, ಅಕ್ಕಾ, ಕೆಳಗಡೆ ಕರೆಂಟ್ ಇದ್ಯಾ? ಇಲ್ಲ ಕಣಮ್ಮ, ಎಂದಳು, ಎಷ್ಟು ಸಲೀಸಾಗಿ ಬಂತು ಸುಳ್ಳು, ಎದುರುಮನೆ ಜೈನಾಬ್ ಅವರ ವರಾಂಡದಲ್ಲಿ ದೀಪ ಉರಿಯುತ್ತಿದೆ, ವನಿತಾ ಅದನ್ನು ನೋಡಿರಬೇಕು, ಹಾಗೇ ತಿರುಗಿ ಒಳಗೆ ಹೋದಳು. ಈಗ ಅತ್ತೆ ಇಳಿದು ಬರುತ್ತಾರೆ. ಕತ್ತಲೆ ಕಣೆ, ಬಾ ಕೈ ಇಡ್ಕೊ, ಅಂತ ಕೂಗುತ್ತಾರೆ, ಟಾರ್ಚ್ ತಗೊಂಡು ಹೋಗಿ ಕೈ ಹಿಡಿದು ಕರೆತಂದು ಚಾಪೆಯ ಮೇಲೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ಚು ಹಾಕಿದರಾಯಿತು. ಕಾದಳು. ಬೀದಿಯಲ್ಲಿ ಒಂದು ಆಟೋ ಹೋಯಿತು, ಮತ್ತೊಂದು. ಅತ್ತೆ ಕೂಗಲಿಲ್ಲ.

ಮೆಟ್ಟಿಲು ಹತ್ತಿದಳು, ಚಪ್ಪಲಿಯಿಲ್ಲದೆ, ಗೋಡೆಗೆ ಕೈ ಕೊಟ್ಟುಕೊಂಡು, ಬಿದ್ದುಗಿದ್ದಾರೇನೋ ನೋಡಬೇಕಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಧಾರಾವಾಹಿಯಲ್ಲಾಗಿದ್ದರೆ ಇಷ್ಟೊತ್ತಿಗೆ ಇವಳ ಮುಖಕ್ಕೂ ಮೂರು ಸಲ ಗುಡುಗು ಹೊಡೆದು, ಒಂದು ಹುಬ್ಬು ಮೇಲೇರಿ, ನಾಳೆಗೆ ನಿಲ್ಲಿಸುತ್ತಿದ್ದರು — ಹನ್ನೆರಡನೆಯ ಮೆಟ್ಟಿಲಿನಲ್ಲಿ ಅತ್ತೆಯ ದನಿ ಕೇಳಿಸಿತು, ನಿಧಾನವಾದ, ಕಥೆ ಹೇಳುವ ದನಿ, ಆಮೇಲೇನು, ಅವನು ಕುದ್ರೆಗಾಡಿ ಕಟ್ಕೊಂಡು ಓಡ್ತಾನೆ, ಅಷ್ಟೊತ್ಗೆ ಬಸ್ಸು ಒರ್ಟೋಗಿರ್ತದೆ, ತಲೆ ಮೇಲೆ ಕೈ ಒತ್ಕೊಂಡು ಕೂತ್ಕೊಂತಾನೆ, ತಿರುಗಿ ನೋಡಿದ್ರೆ ಅಲ್ಲೇ ನಿಂತವ್ಳೆ. ಸೂಪರ್ ಅಮ್ಮಾ, ನೀವೇ ಡೈರೆಕ್ಟರ್ ಆಗ್ಬೋದಿತ್ತು. ಆಶಾರಾಣಿಯ ಕಾಲು ಅಲ್ಲೇ ನಿಂತಿತು, ಅತ್ತೆಯ ಈ ದನಿ ತನ್ನದು, ತನ್ನೊಬ್ಬಳದು, ಮದುವೆಯಾದ ವರ್ಷ, ಹತ್ತೊಂಬತ್ತು ತುಂಬಿತ್ತು, ತವರೂರು ರಾಜಾನುಕುಂಟೆಯಲ್ಲಿ ತಾಯಿ ಸತ್ತು ಎಂಟು ತಿಂಗಳು, ಧಾರಾವಾಹಿಯ ಹೊತ್ತಿಗೆ ಸರಿಯಾಗಿ ದಿನಾ ಕರೆಂಟ್ ಹೋಗುತ್ತಿತ್ತು, ಕತ್ತಲಲ್ಲಿ ಇವಳು ಸದ್ದಿಲ್ಲದೆ ಅಳುತ್ತಿದ್ದಳು, ಅತ್ತೆ ಗೊತ್ತಿಲ್ಲದವರ ಹಾಗೆ ಆ ದಿನದ ಕಥೆಯನ್ನು ತಾವೇ ಕಟ್ಟಿ ಹೇಳುತ್ತಿದ್ದರು, ಅತ್ತೆ ಹೇಳಿದ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಅಕ್ಕನೂ ಬಂದಿದ್ರೆ ಚೆನ್ನಾಗಿರ್ತಿತ್ತು, ಕರೀಲಾ ಅಮ್ಮ? — ವನಿತಾ. ಬ್ಯಾಡ ಬಿಡು, ಅವಳಿಗೆ ಧಾರಾವಾಹಿನೇ ಪ್ರಾಣ. ನಂಗೇನು ಅವು ಇಷ್ಟನಾ, ಬರೀ ಗೋಳು. ತಾಯಿಲ್ಲದ ಉಡುಗಿ, ಒಬ್ಳೇ ಕೂತ್ಕೊಂತಾಳಲ್ಲ ಅಂತ ಕೂತ್ಕೊಂತಿದ್ದೆ. ಈಗ ಬಿಡು, ದೊಡ್ಡೋಳಾದ್ಲು.

ದೊಡ್ಡೋಳಾದ್ಲು. ಯಾವಾಗ, ಯಾವ ದಿನ, ಯಾರನ್ನು ಕೇಳಿ — ಮತ್ತೆ ಇವಳು ಕೂತಿದ್ದಾದರೂ ಯಾರಿಗಾಗಿ, ಇವಳ ತವರಲ್ಲಿ ಟಿವಿಯೇ ಇರಲಿಲ್ಲ, ಅತ್ತೆಗೆ ಇಷ್ಟ ಎಂದು ಕೂತಳು, ಅತ್ತೆ ನಗುತ್ತಾರೆ ಎಂದು ಕೂತಳು, ಇಬ್ಬರಿಗೂ ಬೇಡದ ಗುಡುಗನ್ನು ಇಪ್ಪತ್ತೆರಡು ವರ್ಷ ಇಬ್ಬರೂ ಪಕ್ಕಪಕ್ಕ ಕೂತು ಕೇಳಿದರೇ, ಇದಕ್ಕೆ ನಗಬೇಕು, ಇದು ಪ್ರೀತಿಯೇ ಇರಬೇಕು, ಆದರೆ ಅತ್ತೆ ತನ್ನ ಜೊತೆ ಕೂತದ್ದು ಅಯ್ಯೋ ಪಾಪ ಎಂದು, ಇಲ್ಲಿ ಹತ್ತಿ ಬಂದದ್ದು ಮನಸಾರೆ, ಮಂಡಿ ನೋವನ್ನೂ ಲೆಕ್ಕಿಸದೆ. ಉಳಿದ ಆರು ಮೆಟ್ಟಿಲು ಹತ್ತಿದಳು, ಬಾಗಿಲು ತೆರೆದಿತ್ತು, ನೆಲದ ಮೇಲೆ ಮೊಬೈಲಿನ ಟಾರ್ಚು, ನೊರೆ ನೀರಿನ ಟಬ್ಬು, ವನಿತಾಳ ಮಡಿಲಲ್ಲಿ ಟವೆಲು, ಟವೆಲಿನ ಮೇಲೆ ಅತ್ತೆಯ ಬಲಗಾಲು. ತೊಳೆದು ಬೆಳ್ಳಗಾಗಿತ್ತು. ಹೆಬ್ಬೆರಳಿಗೆ ಎಂದೋ ರುಬ್ಬುಗುಂಡು ಬಿದ್ದು ಉಗುರು ಕಪ್ಪಗೆ ದಪ್ಪಗೆ ಬೆಳೆಯುತ್ತದೆ, ಅದನ್ನು ಎಡಗಡೆಯಿಂದ ಕತ್ತರಿಸಬೇಕು, ಬಲಗಡೆ ಮುಟ್ಟಿದರೆ ಅತ್ತೆ ಕಾಲು ಎಳೆದುಕೊಳ್ಳುತ್ತಾರೆ, ಸಾಯಿಸ್ತೀಯೇನೆ ಅನ್ನುತ್ತಾರೆ, ಅದು ಗೊತ್ತಿರುವುದು ಆಶಾರಾಣಿಗೆ ಮಾತ್ರ, ಪ್ರತಿ ಅಮಾವಾಸ್ಯೆ ಕಳೆದ ಮೇಲೆ ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಕತ್ತರಿಸುವವಳು ಅವಳೇ — ವನಿತಾ ಬಲಗಡೆಯಿಂದ ಶುರುಮಾಡಿದಳು. ಹೇಳಬೇಕು ಎಂದು ಆಶಾರಾಣಿ ಬಾಯಿ ತೆರೆದಳು. ಅತ್ತೆಯ ಕಾಲು ಅಲುಗಲಿಲ್ಲ. ಅಯ್ಯೋ ಅಕ್ಕ, ಅಲ್ಯಾಕೆ ನಿಂತ್ರಿ, ಬನ್ನಿ ಬನ್ನಿ, ನಿಮ್ದೂ ಮಾಡ್ತೀನಿ. ಬಾರೆ ಆಸ, ಕೂತ್ಕೊ, ಅತ್ತೆ ಸೋಫಾ ತಟ್ಟಿದರು, ಜಾಗವಿತ್ತು. ಫ್ಯೂಸ್ ಹೋಗಿರ್ಬೇಕು, ನೋಡ್ಕೊಂಡು ಬರ್ತೀನಿ, ಎಂದು ಇಳಿದಳು, ಹದಿನೆಂಟು ಮೆಟ್ಟಿಲು, ಕತ್ತಲಲ್ಲಿ ಸ್ವಿಚ್ಚು ಸಿಕ್ಕಿತು, ಮೇಲಕ್ಕೆ ತಳ್ಳಿದಳು, ಬಂತೂ! ಎಂದು ಮೇಲೆ ಕೂಗಿದರು, ವನಿತಾ ರಿಮೋಟ್ ಒತ್ತಿರಬೇಕು, ಹಾಡು ನಿಂತಲ್ಲಿಂದಲೇ ಶುರುವಾಯಿತು, ಆಸಾ ಬಾರೇ, ಇಮ ಬೀಳ್ತಾ ಐತೆ, ಹೋಗಬೇಕು, ಜಾಗ ಇಟ್ಟಿದ್ದಾರೆ, ಹೋಗಬೇಕು, ಬಲಗಡೆಯಿಂದ ಶುರುಮಾಡಿದಳು, ಬಲಗಡೆಯಿಂದ, ಟವೆಲಿನ ಮೇಲೆ ಆ ಬೆಳ್ಳನೆಯ ಕಾಲು, ಅಲುಗಲಿಲ್ಲ, ಆ ಕಪ್ಪು ಉಗುರು, ಬಲಗಡೆಯಿಂದ, ಕಾಲು ಅಲುಗಲಿಲ್ಲ