ಅಕ್ಕನ ಎಕ್ಸ್‌ರೇಗಳು

ನಮ್ಮ ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ತಂದುಕೊಟ್ಟವನು ನನ್ನ ಭಾವ. ಬಾಗಿಲ ಪಕ್ಕದ ಕಲ್ಲಿನಲ್ಲಿ ಅವನ ಹೆಸರಿದೆ. ದಿನಾ ಬೆಳಿಗ್ಗೆ ಅದನ್ನು ನೋಡಿಕೊಂಡೇ ನಾನು ಕೆಲಸಕ್ಕೆ ಒಳಗೆ ಹೋಗುವುದು. ಅದಕ್ಕೆ ಮುಂಚೆ ಕಾಲು ಮುರಿದವರು ಮೂರು ಗಂಟೆ ಬಸ್ಸಿನಲ್ಲಿ ಕುಲುಕಾಡಿಕೊಂಡು ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಭಾವ ಕಚೇರಿಯಿಂದ ಕಚೇರಿಗೆ ಅಲೆದ, ಅಧಿಕಾರಿಗಳ ಮೇಜು ಗುದ್ದಿದ, ಯಂತ್ರ ತಂದ. ಜನ ಅವನ ಬಗ್ಗೆ ಆಡುವ ಒಳ್ಳೆಯ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಅಕ್ಕ ಮೊದಲ ಸಲ ಆ ಯಂತ್ರದ ಕೆಳಗೆ ಎಡಗೈ ಚಾಚಿದ್ದು ಏಳು ವರ್ಷದ ಹಿಂದೆ. ಜೊತೆಗೆ ಅಮ್ಮ ಬಂದಿದ್ದಳು.

"ಬಚ್ಚಲಲ್ಲಿ ಜಾರಿಬಿದ್ಲು," ಎಂದಳು ಅಮ್ಮ, ನಾನು ಕೇಳುವ ಮೊದಲೇ.

ಎಕ್ಸ್‌ರೇ ತೆಗೆದು ಮೂಳೆ ನೋಡುವುದೇ ನನ್ನ ಕೆಲಸ. ಜಾರಿಬೀಳುವವರು ಅಂಗೈ ಊರುತ್ತಾರೆ, ಮುರಿಯುವುದು ಮಣಿಕಟ್ಟಿನ ಹತ್ತಿರ. ಮುಂಗೈ ನಡುವೆ, ಕಿರುಬೆರಳ ಕಡೆಯ ಮೂಳೆಯೊಂದೇ ಅಡ್ಡಡ್ಡ ಮುರಿದಿದ್ದರೆ, ತಲೆ ಉಳಿಸಿಕೊಳ್ಳಲು ಕೈ ಅಡ್ಡ ಹಿಡಿದಿದ್ದಾರೆ ಎಂದರ್ಥ. ಅಕ್ಕನದು ಹಾಗೆ ಮುರಿದಿತ್ತು.

"ಅವ್ಳ ಹೆಸ್ರು ಬರೀಬೇಡ ಕಣೇ," ಎಂದಳು ಅಮ್ಮ. "ನಾಲ್ಕು ಜನ ಆಡ್ಕೋತಾರೆ. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ."

ನಾನೂ ಅದೇ ಮರ್ಯಾದೆಯ ಮನೆಯಲ್ಲಿ ಬೆಳೆದವಳು. ಫಿಲ್ಮಿನ ಮೂಲೆಯಲ್ಲಿ ನನ್ನ ಹೆಸರು ಹಾಕಿದೆ, ರಿಜಿಸ್ಟರಿನಲ್ಲೂ. ಆಮೇಲೆ ಎರಡು ಪಕ್ಕೆಲುಬು, ಕೊರಳ ಮೂಳೆ, ಮತ್ತೆ ಅದೇ ಮುಂಗೈ, ಎಲ್ಲ ನನ್ನ ಹೆಸರಿನಲ್ಲೇ. ದಾಖಲೆ ನೋಡಿದವರಿಗೆ ನನ್ನಷ್ಟು ಎಡವಟ್ಟು ಹೆಂಗಸು ಇನ್ನೊಬ್ಬಳಿಲ್ಲ. ಬಚ್ಚಲು ಕಂಡಲ್ಲೆಲ್ಲ ಬೀಳುವವಳು. ಡಾಕ್ಟರು ಒಮ್ಮೆ ಫಿಲ್ಮನ್ನು ಬೆಳಕಿಗೆ ಹಿಡಿದು, ನೆಟ್ಟಗಿದ್ದ ನನ್ನ ಕೈಯನ್ನೂ ನೋಡಿ, ಏನೂ ಕೇಳದೆ ನೋವಿನ ಮಾತ್ರೆ ಬರೆದುಕೊಟ್ಟರು.

ಈ ಸಲ ಭಾವ ಚುನಾವಣೆಗೆ ನಿಂತ. ಎದುರಿಗೆ ನಿಂತವರು ನಿವೃತ್ತ ಮೇಷ್ಟ್ರು. ಯಾರಿಗೂ ಒಂದು ಬಿರುಸು ಮಾತಾಡಿದವರಲ್ಲ, ಯಾರಿಗೂ ಒಂದು ಕೆಲಸ ಮಾಡಿಸಿಕೊಟ್ಟವರೂ ಅಲ್ಲ.

"ಮೇಷ್ಟ್ರು ದೇವರಂಥೋರು, ಇಲ್ಲ ಅನ್ನಲ್ಲ," ಎಂದ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್, ಬಟ್ಟೆ ಸುತ್ತುತ್ತಾ. "ದೇವರಿಗೆ ಕೈ ಮುಗೀಬಹುದು, ಓಟು ಹಾಕೋಕಾಗುತ್ತಾ? ಇವ್ರು ಮನೇಲಿ ಏನಾದ್ರೂ ಮಾಡ್ಕೊಳ್ಳಲಿ. ನಮಗೆ ಸ್ಕ್ಯಾನ್ ಮಿಷಿನ್ ಬಂದ್ರೆ ಸಾಕು."

"ಹಾಲು ಕೊಡೋ ಹಸು ಒದ್ರೂ ತಡ್ಕೋಬೇಕು," ಎಂದಳು ಆಯಾ. ನಾನು ಅಲ್ಲೇ ಇದ್ದದ್ದು ನೆನಪಾಗಿ ತುಟಿ ಕಚ್ಚಿಕೊಂಡಳು.

ಹಾಲು ಊರಿಗೆ, ಒದೆ ಅಕ್ಕನಿಗೆ. ಹಾಗೆಂದು ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಯಾಕೆಂದರೆ ಡ್ರೆಸ್ಸರನ ಮಾತಿನಲ್ಲಿ ಹುರುಳಿತ್ತು. ಆ ತಿಂಗಳಷ್ಟೇ, ಕಟ್ಟಡದ ಮೇಲಿಂದ ಬಿದ್ದ ಗಾರೆ ಕೆಲಸದವನೊಬ್ಬನನ್ನು ತಂದಿದ್ದರು. ಎಕ್ಸ್‌ರೇಯಲ್ಲಿ ಬುರುಡೆ ಸರಿಯಾಗಿಯೇ ಇತ್ತು. ಒಳಗೆ ಕಟ್ಟಿದ ರಕ್ತ ಎಕ್ಸ್‌ರೇಗೆ ಕಾಣುವುದಿಲ್ಲ, ಸ್ಕ್ಯಾನಿಗೆ ಕಾಣುತ್ತದೆ. ತಲೆನೋವು, ತಲೆನೋವು ಎನ್ನುತ್ತಲೇ ಅವನು ನನ್ನ ಕಣ್ಣೆದುರು ಹೋದ. ಅವನ ಹೆಂಡತಿ ಅಷ್ಟು ಹೊತ್ತೂ ನನ್ನ ಕೋಟಿನ ತುದಿ ಹಿಡಿದುಕೊಂಡಿದ್ದಳು. ಗೆದ್ದರೆ ಆರು ತಿಂಗಳಲ್ಲಿ ಸ್ಕ್ಯಾನ್ ಯಂತ್ರ ತರುತ್ತೇನೆಂದು ಭಾವ ಹೇಳಿದ್ದ. ಹೇಳಿದ್ದನ್ನು ಮಾಡುವವನೇ ಅವನು.

ಮತದಾನಕ್ಕೆ ಹತ್ತು ದಿನ ಇರುವಾಗ ಅಕ್ಕ ಒಬ್ಬಳೇ ಬಂದಳು. ಎಕ್ಸ್‌ರೇ ಕೋಣೆಯ ಬಾಗಿಲನ್ನು ತಾನೇ ಹಾಕಿದಳು.

"ನನ್ನ ಹಳೇ ಫಿಲ್ಮೆಲ್ಲ ಕೊಡು."

"ಅದ್ರಲ್ಲೆಲ್ಲ ನನ್ನ ಹೆಸ್ರಿದೆ ಅಕ್ಕ."

ಅವಳು ಎಡತೋಳಿನ ಬಟ್ಟೆ ಮೇಲೆ ಸರಿಸಿದಳು. "ಹಾಗಾದ್ರೆ ಈಗ ತೆಗಿ. ಕೂಡ್ಕೊಂಡ ಮೂಳೇಲೂ ಗುರುತು ಉಳಿಯುತ್ತೆ ಅಂತ ನೀನೇ ಹೇಳಿದ್ದೆ. ನನ್ನ ಹೆಸ್ರು ಹಾಕು. ಮೇಷ್ಟ್ರ ಕೈಗೆ ಕೊಡ್ತೀನಿ."

"ಈಗ್ಲೇ ಯಾಕೆ?"

"ಈಗ್ಲೇ ಪೊಲೀಸ್ನೋರು ಅವ್ನನ್ನ ಕಂಡ್ರೆ ಎದ್ದು ನಿಲ್ತಾರೆ. ಅವ್ನು ಗೆದ್ರೆ, ನಾನು ಎಲ್ಲಿಗೆ ಓಡಿಹೋದ್ರೂ ಕೈ ಹಿಡ್ಕೊಂಡು ಬಂದು ಅದೇ ಮನೆಗೆ ಬಿಟ್ಟು ಹೋಗ್ತಾರೆ. ಆಮೇಲೆ ನಾನು ಉಳಿಯಲ್ಲ ಕಣೇ."

ಗಂಡನನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೇ ಹೊತ್ತಿಗೆ ನನಗೆ ಗಾರೆಯವನ ಹೆಂಡತಿ ನೆನಪಾದಳು. ತಪ್ಪು ಮುಚ್ಚಿಕೊಳ್ಳಲು ಹೇಳುತ್ತಿಲ್ಲ, ನೆನಪಾದಳು, ಅಷ್ಟೆ.

"ಫಿಲ್ಮ್ ಮುಗಿದಿದೆ ಅಕ್ಕ," ಎಂದೆ. "ಓಟು ಮುಗೀಲಿ. ಆಮೇಲೆ ಬಾ, ತೆಗೀತೀನಿ."

ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಫಿಲ್ಮಿನ ಐದು ಡಬ್ಬಿಗಳಿದ್ದವು, ಒಂದನ್ನೂ ಒಡೆದಿರಲಿಲ್ಲ. ಅಕ್ಕ ಅವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ತೋಳಿನ ಬಟ್ಟೆ ಮಣಿಕಟ್ಟಿನವರೆಗೂ ಎಳೆದುಕೊಂಡಳು.

"ಆಯ್ತು, ಮುಗೀಲಿ," ಎಂದು ಹೋದಳು.

ನಾನು ಭಾವನಿಗೇ ಓಟು ಹಾಕಿದೆ. ಇದನ್ನು ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಕಟ್ಟಿದವರು ಅಂಥ ಮನೆಯೊಳಗೆ ಬದುಕಿದವರೇ ಇರಬೇಕು. ಊರಿನವರಾದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ನಾನು ಅರ್ಧಕ್ಕೆ ನಿಲ್ಲಿಸಿದೆ.

ಅವನು ಗೆದ್ದ. ಆರು ತಿಂಗಳೆಂದವನು ಐದೇ ತಿಂಗಳಿಗೆ ಯಂತ್ರ ತಂದ. ಅಕ್ಕ ಆಮೇಲೆ ಬರಲಿಲ್ಲ. ನಾನೂ ಕರೆಯಲಿಲ್ಲ, ಯಾವ ಮುಖ ಇಟ್ಟುಕೊಂಡು ಕರೆಯಲಿ?

ಯಂತ್ರ ಶುರುವಾದ ಎಂಟನೆಯ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಅವಳನ್ನು ಸ್ಟ್ರೆಚರಿನಲ್ಲಿ ತಂದರು. ಮೆಟ್ಟಿಲಿಂದ ಬಿದ್ದಳು ಎಂದ ಭಾವ. ಅವನು ಅತ್ತದ್ದು ನಾಟಕವಲ್ಲ. ಅಕ್ಕನ ಉಸಿರು ಗೊರಗುಟ್ಟುತ್ತಿತ್ತು. ಡಾಕ್ಟರು ಅವಳ ಎರಡೂ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ನನ್ನ ಕಡೆ ಮಾತ್ರ ನೋಡಲಿಲ್ಲ.

"ನೀವು ಮಿಷಿನ್ ತಂದಿದ್ದು ಎಷ್ಟು ಒಳ್ಳೇದಾಯ್ತು ಸಾರ್," ಎಂದು ಡ್ರೆಸ್ಸರ್ ಭಾವನ ಕೈ ಹಿಡಿದುಕೊಂಡು ಹೊರಗೆ ಕರೆದೊಯ್ದ.

ಹೊಸ ಯಂತ್ರ ಹೆಸರು ಕೊಡದೆ ಶುರುವಾಗುವುದಿಲ್ಲ. ಏಳು ವರ್ಷದಲ್ಲಿ ಮೊದಲ ಸಲ ನಾನು ಅಕ್ಕನ ಹೆಸರು ಟೈಪ್ ಮಾಡಿದೆ. ಗಾಯಕ್ಕೆ ಕಾರಣ ಎಂಬಲ್ಲಿ "ಗಂಡ ಹೊಡೆದದ್ದು" ಎಂದು ಬರೆದೆ. ಪರದೆ ಒಂದು ಕ್ಷಣ, ನಾವು ಅದಕ್ಕೆ ತುಂಬಿಸಿದ್ದ ರಿಜಿಸ್ಟರಿನ ಹಳೆಯ ದಾಖಲೆಗಳನ್ನೆಲ್ಲ ಹುಡುಕಿತು.

ಹೊಸ ರೋಗಿ, ಎಂದು ತೋರಿಸಿತು. ಹಿಂದಿನ ಗಾಯ: ಯಾವುದೂ ಇಲ್ಲ. ಈ ವಿವರ ಸರಿಯೇ ಎಂದು ಕೇಳಿತು.

ಸರಿ ಎಂದು ಒತ್ತದಿದ್ದರೆ ಯಂತ್ರ ಮುಂದುವರಿಯುವುದಿಲ್ಲ. ಒತ್ತಿದೆ.